ಊರ ಹೊರಗೆ ಎಂಬ ಜಾಗ

ತುಳುನಾಡಿನಲ್ಲಿ ‘ಊರ ಹೊರಗೆ’ ಅನ್ನಬಹುದಾದ ಜಾಗವೇ ಇಲ್ಲ. ಬಯಲುಸೀಮೆಯಿಂದ ಹೋದವರಿಗೆ ಇದು ಸುಲಭಕ್ಕೆ ಅಂದಾಜಾಗುವುದಿಲ್ಲ. ಧಾರವಾಡದ ಕಡೆಯ ಹಳ್ಳಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಕೂತಿರುತ್ತವೆ. ಅಗಸಿ ದಾಟಿದರೆ ಊರು ಮುಗಿಯಿತು. ಅಲ್ಲಿಂದಾಚೆ ತಿಪ್ಪಿ, ಕಣ, ಹೊಲ. ಮಂಗಳೂರಿನಿಂದ ಮೂಡುಬಿದಿರೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ನೋಡಿ. ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಒಂದು ಮನೆ, ಮನೆಯ ಸುತ್ತ ತೆಂಗು, ಅಂಗಳದ ಬದಿಗೆ ಬಾವಿ, ಮುರಕಲ್ಲಿನ ಪಾಗಾರ. ಪಾಗಾರದಾಚೆ ಇನ್ನೊಬ್ಬರ ತೆಂಗು, ಇನ್ನೊಬ್ಬರ ಬಾವಿ. ನೆಲದ ಏರಿಳಿತವೂ ಹಾಗೆಯೇ: ಮೇಲೆ ಗುಡ್ಡೆ, ಕೆಳಗೆ ಬೈಲು, ಮತ್ತೆ ಗುಡ್ಡೆ, ಮತ್ತೆ ಬೈಲು. ಇಂಥ ಕಡೆ ಕಸ ಸುರಿಯಲು ಜಾಗ ಹುಡುಕಿದ ನಗರ ಕೊನೆಗೆ ಗುಡ್ಡೆ ಹತ್ತಿತು. ವಾಮಂಜೂರಿನ ಹತ್ತಿರದ ಪಚ್ಚನಾಡಿ ಗುಡ್ಡೆ ಮಂಗಳೂರಿನ ಕಸದ ಮನೆಯಾದದ್ದು ಹೀಗೆ.

ಗುಡ್ಡೆಯ ಮೇಲೆ ಇಟ್ಟದ್ದು ಬೈಲಿಗೆ ಇಳಿಯದೆ ಇರುತ್ತದೆಯೇ? 2019ರ ಆಗಸ್ಟ್ ತಿಂಗಳ ಮಳೆಗೆ, ವರ್ಷಾನುಗಟ್ಟಲೆ ಪೇರಿಸಿಟ್ಟಿದ್ದ ಕಸ ಜಾರತೊಡಗಿತು. ಮಡಿಕೇರಿಯ ಕಡೆ ಗುಡ್ಡ ಕುಸಿದಾಗ ಆಗುವಂತೆ ಒಂದೇ ಏಟಿಗೆ ಇಳಿಯಲಿಲ್ಲ. ದಿನಗಟ್ಟಲೆ, ತೆವಳಿಕೊಂಡು ಬಂತು. ಕೆಳಗಿನ ಮಂದಾರ ಎಂಬ ಜಾಗದ ಅಡಿಕೆ ತೋಟ, ತೆಂಗಿನ ತೋಟಗಳ ಒಳಗೆ ನುಗ್ಗಿತು, ಮನೆಗಳ ಬಾಗಿಲಿಗೆ ಬಂತು, ಬಾವಿಗಳನ್ನು ಕೆಡಿಸಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಕುಲಶೇಖರದ ಕಡೆಯ ಗೃಹ ಮಂಡಳಿ ಫ್ಲ್ಯಾಟುಗಳಿಗೆ ಸಾಗಿಸಬೇಕಾಯಿತು. ತೋಟದ ಮನೆಯವರು ಫ್ಲ್ಯಾಟಿಗೆ ಹೋಗುವುದೆಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಕುಟುಂಬದ ಜೊತೆಗೆ ನಾಗನೂ ದೈವವೂ ಆ ನೆಲಕ್ಕೇ ಸೇರಿದವರು. ಪರಿಹಾರದ ಲೆಕ್ಕದಲ್ಲಿ ಅಡಿಕೆ ಮರಕ್ಕೆ ಇಷ್ಟು, ತೆಂಗಿಗೆ ಇಷ್ಟು ಎಂದು ದರ ಹಾಕಬಹುದು. ನಾಗನ ಕಟ್ಟೆಗೆ ದರ ಕಟ್ಟುವ ಕಾಲಂ ಯಾವ ಸರಕಾರಿ ನಮೂನೆಯಲ್ಲಿದೆ?

ನಾನು ಆ ಕಡೆ ಹೋದದ್ದು ಆ ಮಳೆಗಾಲ ಕಳೆದು ಎಷ್ಟೋ ಕಾಲದ ಮೇಲೆ, ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಬೆಳಿಗ್ಗೆ. ರಸ್ತೆಯ ಬದಿಯ ಚರಂಡಿಯಲ್ಲಿ ಕಪ್ಪು ನೀರು ಹರಿಯುತ್ತಿತ್ತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಬಯಲಲ್ಲಿ ರಾಶಿ ಹಾಕಿದ ಹಸಿಕಸ ಆ ಮಳೆಗೆ ಕೊಳೆತು ಗೊಬ್ಬರವಾಗುವುದಿಲ್ಲ. ಒಳಗೆ ಗಾಳಿಯಾಡದೆ ನಾರುತ್ತದೆ, ಒಸರುತ್ತದೆ. ಆ ಒಸರನ್ನು ತಡೆಯುವ ಗುಣ ಮುರಕಲ್ಲಿನ ನೆಲಕ್ಕಿಲ್ಲ. ತೂತುತೂತಾದ ಕಲ್ಲು ಅದು. ಮೇಲೆ ಬಿದ್ದ ನೀರು ಇಳಿದು ಕೆಳಗಿನ ಬಾವಿಯಲ್ಲಿ, ಹಳ್ಳದಲ್ಲಿ ಏಳುತ್ತದೆ. ಇಲ್ಲಿಯ ಹಳ್ಳಗಳು ಫಲ್ಗುಣಿ ನದಿಯ ಕಡೆಗೆ ಹರಿಯುತ್ತವೆ. ಫಲ್ಗುಣಿಗೆ ಮಳವೂರಿನಲ್ಲಿ ಕಿಂಡಿ ಅಣೆಕಟ್ಟು ಇದೆ. ಆ ನೀರನ್ನು ಜನ ಕುಡಿಯುತ್ತಾರೆ. ಕಪ್ಪು ನೀರು ನದಿ ಸೇರುತ್ತಿದೆ ಎಂಬ ದೂರು ಹೈಕೋರ್ಟಿನವರೆಗೂ ಹೋಯಿತು. ಪೇಟೆಯವರು ಗಾಡಿಗೆ ಹಾಕಿ ಕಳಿಸಿದ್ದು ಹೀಗೆ ಪೇಟೆಯ ಅಂಚಿನ ನಲ್ಲಿಗೇ ತಿರುಗಿ ಬರುವ ದಾರಿ ಹುಡುಕಿಕೊಂಡಿತು.

ಕರಾವಳಿಯ ಜಿಲ್ಲೆಗಳಿಗೆ ಕಸದ ಸಮಸ್ಯೆ ಮೊದಲಿನಿಂದಲೂ ಇದ್ದದ್ದೇನಲ್ಲ. ಬಿಡಿಬಿಡಿ ಮನೆಗಳ ಊರಿನಲ್ಲಿ ಪ್ರತಿ ಹಿತ್ತಲೂ ಒಂದು ಸಣ್ಣ ಪುರಸಭೆಯೇ. ತೆಂಗಿನ ಸಿಪ್ಪೆ ಬಚ್ಚಲೊಲೆಗೆ, ಅದರ ಬೂದಿ ತೆಂಗಿನ ಬುಡಕ್ಕೆ, ಹಲಸಿನ ರಚ್ಚೆ ಹಟ್ಟಿಯ ದನಕ್ಕೆ, ಮೀನಿನ ತಲೆ ಬಾಳೆಯ ಬುಡಕ್ಕೆ. ಹೊರಗೆ ಕಳಿಸುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಮುಂಬಯಿಯ ಹಣ, ಕೊಲ್ಲಿಯ ಹಣ ಬಂದು ಹಳೆ ಮನೆಯ ಜಾಗದಲ್ಲಿ ಫ್ಲ್ಯಾಟು ಎದ್ದಾಗ ಮೊದಲು ಹೋದದ್ದು ಹಿತ್ತಲು. ಬಚ್ಚಲೊಲೆಯ ಜಾಗಕ್ಕೆ ಗೀಸರ್ ಬಂತು. ತಿನ್ನುವುದು ಮಾತ್ರ ಹಳೆಯದೇ ಉಳಿಯಿತು. ಎಳನೀರಿನ ಬುರುಡೆ, ಹಲಸು, ಮೀನು ಎಲ್ಲವೂ ಏಳನೇ ಮಹಡಿಯಿಂದ ಒಂದೇ ಕವರಿನಲ್ಲಿ ಇಳಿಯತೊಡಗಿದವು.

ಇಳಿದದ್ದನ್ನು ಎತ್ತುವವರು ಯಾರು? ಮಂಗಳೂರಿನ ಬೀದಿ ಗುಡಿಸುವ ಕೆಲಸವನ್ನು ಬಹಳ ಕಾಲ ಕೊರಗ ಸಮುದಾಯದ ಹೆಗಲಿಗೆ ಹಾಕಲಾಗಿತ್ತು. ಈಗ ಬೆಳಿಗ್ಗೆ ಕಸದ ಗಾಡಿಯ ಹಿಂದೆ ನಿಂತು ಕಿವಿಗೊಟ್ಟರೆ ಬಾಗಲಕೋಟೆ, ಗದಗದ ಕಡೆಯ ಕನ್ನಡ ಕೇಳುತ್ತದೆ. ತುಳು ಮಾತಾಡುವ ಮನೆಯೊಡತಿ, ಉತ್ತರ ಕರ್ನಾಟಕದ ಕೆಲಸಗಾರ. ಇಬ್ಬರ ನಡುವೆ ಗೇಟು. ಗೇಟಿನ ಈಚೆಗೆ ಬಂದದ್ದರ ಮೇಲೆ ಮನೆಯವರಿಗೆ ಹೊಣೆಯಿಲ್ಲ. ಹಸಿ, ಒಣ ಬೇರೆ ಮಾಡಿ ಎಂದು ಎಷ್ಟು ಹೇಳಿದರೂ ನಮ್ಮ ಮನೆಗಳಲ್ಲಿ ಅದು ನಾಟದಿರುವುದಕ್ಕೆ ಕಾರಣ ತಿಳಿವಳಿಕೆಯ ಕೊರತೆ ಎಂದು ಅಧಿಕಾರಿಗಳು ಭಾಷಣದಲ್ಲಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಂಜಲು, ಮುಸುರೆ ಹೊಸ್ತಿಲು ದಾಟಿದ ಮೇಲೆ ಅದನ್ನು ಮುಟ್ಟಬೇಕಾದ ಕೈ ಬೇರೆ ಯಾರದೋ ಎಂಬ ನಂಬಿಕೆ ಜಾತಿಯಷ್ಟೇ ಹಳೆಯದು. ಕರಪತ್ರ ಹಂಚಿ ಅದನ್ನು ತೊಳೆಯಲಾಗುವುದಿಲ್ಲ. ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬ ಐ.ಪಿ.ಡಿ. ಸಾಲಪ್ಪ ವರದಿಯ ಲೆಕ್ಕವೂ ಆ ಕಾಲದ್ದೇ. ಆ ಲೆಕ್ಕವನ್ನು ನಗರಸಭೆಗಳು ಬಹಳ ಕಾಲ ಜಪಿಸಿದವು, ಪಾಲಿಸಿದ್ದು ಕಡಿಮೆ.

ಕುಂದಾಪುರದ ಕಡೆಯ ವಂಡ್ಸೆ ಎಂಬ ಸಣ್ಣ ಪಂಚಾಯಿತಿ ಕಸ ವಿಂಗಡಿಸುವ ವಿಷಯದಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿತು. ತಮಿಳುನಾಡಿನ ವೆಲ್ಲೂರು ಶ್ರೀನಿವಾಸನ್ ಅವರು ರೂಪಿಸಿದ ಪದ್ಧತಿಯಲ್ಲಿ ಅಲ್ಲಿ ಮನೆಮನೆಯಿಂದ ಕಸ ತಂದು ಹತ್ತಾರು ಬಗೆಯಾಗಿ ಬೇರ್ಪಡಿಸಿದರು. ಊರು ಸಣ್ಣದು, ಕಸ ಕೊಟ್ಟವರ ಮುಖ ಕಸ ತೆಗೆದುಕೊಂಡವರಿಗೆ ಗೊತ್ತು. ಅರ್ಧ ಕೆಲಸ ಅದರಿಂದಲೇ ಆಯಿತು. ಇನ್ನರ್ಧ ಕಷ್ಟದ್ದು. ಬಿಸ್ಕತ್ತಿನ ಪೊಟ್ಟಣ, ಶಾಂಪೂ ಸ್ಯಾಶೆ, ಹಾಲಿನ ಪ್ಯಾಕೆಟ್ಟು ಬೇರೆ ಮಾಡಿ ಇಟ್ಟರಾಯಿತೇ, ಕೊಳ್ಳುವವರು ಬೇಕಲ್ಲ? ಒಂದೊಂದು ಪಂಚಾಯಿತಿಯ ಬಳಿ ಲಾರಿ ತುಂಬುವಷ್ಟು ಸರಕು ಇರುವುದಿಲ್ಲ. ಇದ್ದರೂ ಘಟ್ಟ ಹತ್ತಿಸುವ ಬಾಡಿಗೆ ಸರಕಿನ ಬೆಲೆಗಿಂತ ಹೆಚ್ಚು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ಸೇರಿಸಿ ವಿಂಗಡಿಸುವ ಘಟಕ ಕಟ್ಟಿದ್ದು ಈ ಲೆಕ್ಕ ತಿಳಿದ ಮೇಲೆ. ಅಲ್ಲಿಯ ಬೆಲ್ಟಿನ ಎರಡೂ ಬದಿಗೆ ನಿಂತ ಹೆಂಗಸರ ಕೈ ಕಣ್ಣಿಗಿಂತ ಬೇಗ ಓಡುತ್ತದೆ. ಯಾವ ಕೆಲಸಕ್ಕೂ ಬಾರದ ಪ್ಲಾಸ್ಟಿಕ್ಕಿಗೆ ಉಳಿಯುವ ಒಂದೇ ಗತಿ ಸಿಮೆಂಟ್ ಕಾರ್ಖಾನೆಯ ಕುಲುಮೆ. ಕುಲುಮೆ ಇರುವುದು ಸುಣ್ಣಕಲ್ಲು ಇದ್ದಲ್ಲಿ. ನಮ್ಮಲ್ಲಿ ಸುಣ್ಣಕಲ್ಲು ಇರುವುದು ಕಲಬುರಗಿ, ಬಾಗಲಕೋಟೆಯ ಕಡೆ. ಕಾರ್ಕಳದ ಶಾಂಪೂ ಸ್ಯಾಶೆಯ ಸಾವು ಭೀಮಾ ತೀರದಲ್ಲಿ ಆಗಬೇಕೆಂದರೆ ಅಷ್ಟು ದೂರದ ಡೀಸೆಲ್ಲಿಗೆ ಯಾರಾದರೂ ಹಣ ಕೊಡಲೇಬೇಕು.

ಇದೇ ಕರಾವಳಿ ಪಟ್ಟಿಯ ದಕ್ಷಿಣಕ್ಕೆ ಕೇರಳದ ಆಲಪ್ಪುಳ ಇದೆ. ಅಲ್ಲಿ ಗುಡ್ಡೆಯೂ ಇಲ್ಲ, ಎಲ್ಲಿ ಅಗೆದರೂ ನೀರು. ಸರ್ವೋದಯಪುರಂ ಎಂಬಲ್ಲಿ ಸುರಿಯುತ್ತಿದ್ದ ಕಸವನ್ನು ಅಲ್ಲಿಯ ಜನ 2012ರ ಸುಮಾರಿಗೆ ತಡೆದು ನಿಲ್ಲಿಸಿದಾಗ, ಸುರಿಯಲು ಬೇರೆ ಜಾಗವೇ ಇಲ್ಲದೆ ಆ ಪಟ್ಟಣ ಮನೆಮನೆಗೆ ಪೈಪ್ ಕಾಂಪೋಸ್ಟು, ಬಯೋಗ್ಯಾಸು, ಬೀದಿಬೀದಿಗೆ ಗಾಳಿಯಾಡುವ ಗೊಬ್ಬರದ ತೊಟ್ಟಿ ಮಾಡಿಕೊಂಡಿತು. ಜಾಗ ಇಲ್ಲದ್ದೇ ಅದರ ಪುಣ್ಯ. ಜಾಗ ಇದ್ದ ಕೊಚ್ಚಿ ಬ್ರಹ್ಮಪುರಂನಲ್ಲಿ ಬೆಟ್ಟ ಪೇರಿಸಿತು; 2023ರ ಮಾರ್ಚಿನಲ್ಲಿ ಆ ಬೆಟ್ಟಕ್ಕೆ ಬೆಂಕಿ ಬಿದ್ದು, ಆರಿಸಲು ಹತ್ತು ದಿನಕ್ಕೂ ಹೆಚ್ಚು ಬೇಕಾಯಿತು.

ಇನ್ನು ಘಟ್ಟದ ಮೇಲಿನ ಮಾತು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ ಮುಟ್ಟುವ ಬಸ್ಸು ಕಾರವಾರ ರಸ್ತೆಯ ಮೇಲೆ ಊರೊಳಗೆ ಬರುತ್ತದೆ. ಊರಿಗಿಂತ ಮೊದಲು ಮೂಗಿಗೆ ಸಿಗುವುದು ಆ ರಸ್ತೆಯ ಕಸದ ಅಂಗಳ. ಘಟ್ಟದಲ್ಲಿ ಹಸಿರು ಕಂಡು ಬಂದ ಕಣ್ಣಿಗೆ ಇಲ್ಲಿ ಎಲ್ಲ ಬಿಚ್ಚಿಟ್ಟ ಹಾಗೆ: ಅಗಲ ಆಕಾಶ, ಎರಿ ಭೂಮಿ, ದೂರದವರೆಗೂ ಓಡುವ ಗಾಳಿ, ಗಾಳಿಗೆ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡ ಕ್ಯಾರಿ ಬ್ಯಾಗು. ವರ್ಷಕ್ಕೆ 700ರಿಂದ 800 ಮಿಲಿಮೀಟರು ಮಳೆ ಬಿದ್ದರೆ ಪುಣ್ಯ. ಕಸ ಇಲ್ಲಿ ಜಾರುವುದಿಲ್ಲ; ಬೇಸಗೆಯಲ್ಲಿ ಒಣಗಿ ಹೊಗೆಯಾಡುತ್ತದೆ.

ಹುಬ್ಬಳ್ಳಿ–ಧಾರವಾಡದ ಕಸಕ್ಕೆ ಒಂದು ಕಾಲದಲ್ಲಿ ಗಿರಾಕಿಗಳಿದ್ದರು. ಊರ ಕಸವನ್ನು ಗುಂಡಿಗಳಲ್ಲಿ ತುಂಬಿ ಕೊಳೆಯಲು ಬಿಟ್ಟು, ಗುಂಡಿಗಳನ್ನು ಹರಾಜು ಹಾಕುತ್ತಿದ್ದರು. ಸುತ್ತಲಿನ ರೈತರು ಕೂಗಿ ಹಿಡಿದು, ಚಕ್ಕಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಹೇರುತ್ತಿದ್ದರು. ಎರಿ ಹೊಲಕ್ಕೆ ಈ ಗೊಬ್ಬರ ಬಿದ್ದರೆ ಮಣ್ಣು ಸಡಿಲಾಗಿ ನೀರು ಹಿಡಿಯುತ್ತದೆಂದು ರೈತರಿಗೆ ಗೊತ್ತಿತ್ತು. ಕಸ ಎಂದರೆ ನಗರಸಭೆಗೆ ಖರ್ಚಿನ ಬಾಬತ್ತು ಎಂದಷ್ಟೇ ಕೇಳಿ ಬೆಳೆದವನಿಗೆ ಆದಾಯದ ಪಟ್ಟಿಯಲ್ಲಿ ಅದನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. 1990ರ ದಶಕದ ಕೊನೆಯ ಹೊತ್ತಿಗೆ ಸಂಶೋಧಕರು ಇಲ್ಲಿ ಅಧ್ಯಯನಕ್ಕೆ ಬಂದಾಗ ಈ ವ್ಯಾಪಾರ ಆಗಲೇ ಸೊರಗುತ್ತಿತ್ತು. ಕಾರಣವನ್ನು ಅವರಿಗೆ ರೈತರೇ ಹೇಳಿದರು: ಗೊಬ್ಬರದಲ್ಲಿ ಪ್ಲಾಸ್ಟಿಕ್ಕು, ಗಾಜಿನ ಚೂರು, ಆಸ್ಪತ್ರೆಯ ಕಸ. ಅದನ್ನು ಆರಿಸಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕಟ್ಟುವುದಿಲ್ಲ. ಬರಿಗಾಲಲ್ಲಿ ಹರಗುವವನ ಹೊಲಕ್ಕೆ ಗಾಜು ಹೇರಿ ತರುವ ಹುಚ್ಚು ಯಾರಿಗಿದೆ? ಅಷ್ಟರಲ್ಲಿ ಸಬ್ಸಿಡಿಯ ಯೂರಿಯಾ ಚೀಲ ಸೊಸೈಟಿಯ ಬಾಗಿಲಲ್ಲೇ ಸಿಗುತ್ತಿತ್ತು.

ಈ ಗುಂಡಿಯ ವಿದ್ಯೆ ಕೂಡ ನಮ್ಮದೇ ನೆಲದ್ದು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ಊರ ಕಸ ಮತ್ತು ಮಲವನ್ನು ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ಮಗುಚದೆ ನಾಲ್ಕಾರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಸಾರ್ವಜನಿಕ ಆರೋಗ್ಯದ ಪಠ್ಯಪುಸ್ತಕಗಳಲ್ಲಿ ಅದರ ಹೆಸರೇ ಬೆಂಗಳೂರು ವಿಧಾನ. ನರ್ಸಿಂಗ್ ಓದುವ ಹುಡುಗಿಯರು ಪರೀಕ್ಷೆಗೆ ಇದನ್ನು ಇವತ್ತೂ ಬಾಯಿಪಾಠ ಮಾಡುತ್ತಾರೆ. ಮಳೆ ಕಡಿಮೆ, ಜಾಗ ಹೆಚ್ಚು, ಸುತ್ತ ಹೊಲ: ಹಳೆಯ ಬೆಂಗಳೂರಿಗೂ ಹುಬ್ಬಳ್ಳಿಗೂ ಹೇಳಿ ಮಾಡಿಸಿದ ಪದ್ಧತಿ. ಮಂಗಳೂರಿನ ಆಷಾಢದಲ್ಲಿ ಅದೇ ಗುಂಡಿ ಕೆರೆಯಾಗುತ್ತದೆ.

ಬೆಂಗಳೂರಿನ ಕಥೆ ಬಂಡೆಗಲ್ಲಿನದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಬ್ಬದ ಮೇಲೆ ಕೂತ ಈ ಊರಿಗೆ ದೊಡ್ಡ ನದಿ ಇಲ್ಲ, ಕಣಿವೆಗಳಿವೆ, ಕೆಳಗೆಲ್ಲ ಗಟ್ಟಿ ಬಂಡೆ. ಊರು ಬೆಳೆದಂತೆ ಜಲ್ಲಿ, ಸೈಜುಗಲ್ಲು ಬೇಕಾಯಿತು. ಸುತ್ತಲಿನ ಬಂಡೆ ಒಡೆದರು, ಕ್ವಾರಿ ಬಿದ್ದವು. ಕಲ್ಲು ಮುಗಿದ ಕ್ವಾರಿಯ ಗುಂಡಿ ಖಾಲಿ ನಿಂತಿತು, ಊರ ಬಳಿ ಕಸ ಇತ್ತು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ, ಬಾಗಲೂರಿನ ಕ್ವಾರಿಗಳು ತುಂಬಿದ್ದು ಹೀಗೆ. ಯಾವ ಗುಂಡಿಯ ಕಲ್ಲಿನಿಂದ ಫ್ಲ್ಯಾಟು ಎದ್ದಿತೋ ಅದೇ ಗುಂಡಿಗೆ ಆ ಫ್ಲ್ಯಾಟಿನ ಎಂಜಲು ಹೋಗಿ ಬೀಳುತ್ತದೆ. ವಾಸ್ತುಶಾಸ್ತ್ರದವರು ಇದಕ್ಕೆ ಏನು ಹೇಳುತ್ತಾರೋ. ಬಂಡೆ ಮೇಲೆ ಗಟ್ಟಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಆ ಬಿರುಕಿನ ನೀರನ್ನೇ ಹತ್ತಿರದ ಬೋರ್‌ವೆಲ್ಲುಗಳು ಎತ್ತುವುದು.

ಕ್ವಾರಿಗೆ ಮುಂಚೆ ಗೋಮಾಳಗಳ ಸರದಿಯಿತ್ತು. ಹೆಸರಘಟ್ಟದ ಕಡೆಯ ಮಾವಳ್ಳಿಪುರದವರು ತಿರುಗಿ ಬಿದ್ದು 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ಬೆಟ್ಟವಾಯಿತು, ಹೊರದೇಶದ ಪತ್ರಿಕೆಗಳೂ ಐಟಿ ನಗರದ ನಾತದ ಬಗ್ಗೆ ಬರೆದವು. ಭಾರವೆಲ್ಲ ಮಂಡೂರಿಗೆ ಹೋಯಿತು. ಮಂಡೂರಿನವರು ದೂರಿದರು, ಧರಣಿ ಕೂತರು, 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಆ ವರ್ಷದ ಕೊನೆಗೆ ಅಲ್ಲಿಗೂ ಲಾರಿ ಬರುವುದು ನಿಂತಿತು.

ಬೂದಿಗೆರೆ ಕ್ರಾಸಿನಿಂದ ಮಂಡೂರಿನ ಕಡೆಗೆ ಹೋಗುವಾಗ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟಿನ ಜಾಹೀರಾತು. ಈಜುಕೊಳ, ಕ್ಲಬ್‌ಹೌಸು, ಹಸಿರು ಬದುಕು. ಚಹಾದಂಗಡಿಯಲ್ಲಿ ಕೂತ ಹಿರಿಯರೊಬ್ಬರ ಬಳಿ ಕಸದ ಕಾಲದ ಮಾತು ತೆಗೆದೆ. ನೊಣದ ವಿಷಯ ಹೇಳಿದರು, ನೆಂಟರು ಊಟಕ್ಕೆ ನಿಲ್ಲದೆ ಹೋಗುತ್ತಿದ್ದುದನ್ನು ಹೇಳಿದರು, ಗಂಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದುದನ್ನು ಹೇಳಿದರು. ಆಮೇಲೆ ಜಮೀನಿನ ಈಗಿನ ದರ ಹೇಳಿದರು, ಅದು ಮಾತ್ರ ನಗುತ್ತ. ಊರು ಕಸ ಹಾಕುವ ಜಾಗ ಆರಿಸುವಾಗ ನೋಡುವುದು ಆ ದರವನ್ನೇ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಮಣ್ಣಿನ ಗುಣ, ನೀರಿನ ಇಳಿಜಾರು ವರದಿಯಲ್ಲಿ ಬರುತ್ತವೆ, ನಿಜ. ತೀರ್ಮಾನ ಮಾಡುವುದು ಎಕರೆಯ ಬೆಲೆ ಮತ್ತು ಅಲ್ಲಿಯವರ ದನಿ. ಬೆಲೆ ಏರಿದ ದಿನ ದನಿಯೂ ಏರುತ್ತದೆ, ಕಸ ಇನ್ನೊಂದು ಅಗ್ಗದ ಹಳ್ಳಿಗೆ ಹೊರಡುತ್ತದೆ.

ಬೆಂಗಳೂರಿಗೆ ಒಂದು ಋಣ ಸಂದಾಯವಾಗಬೇಕು. ಇಡೀ ದೇಶದ ಊರುಗಳು ಕಸವನ್ನು ಹೇಗೆ ನೋಡಿಕೊಳ್ಳಬೇಕೆಂಬ ಮೊದಲ ನಿಯಮಾವಳಿ 2000ದಲ್ಲಿ ಬಂದದ್ದು ಈ ಊರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದ. ಮೂಲದಲ್ಲೇ ವಿಂಗಡಿಸಿ ಎಂದು ಹೈಕೋರ್ಟು ಬೆಂಗಳೂರಿಗೆ ಎರಡು ಬಕೆಟ್ಟು ಒಂದು ಚೀಲದ ಲೆಕ್ಕ ಹೇಳಿದ್ದು 2015ರ ಕೊನೆಯಲ್ಲಿ. ಆದರೆ ಈ ಊರಿನ ಒಣಕಸವನ್ನು ನಿಜವಾಗಿ ಹೊತ್ತದ್ದು ನಿಯಮಾವಳಿಯಲ್ಲ. ಜಾಲಿ ಮೊಹಲ್ಲಾದ ಗುಜರಿ ಓಣಿಗಳಲ್ಲಿ, ನಾಯಂಡಹಳ್ಳಿಯ ಪ್ಲಾಸ್ಟಿಕ್ ಗೋದಾಮುಗಳಲ್ಲಿ ತಿರುಗಾಡಿದರೆ ಅದು ಕಾಣುತ್ತದೆ. ಚಿಂದಿ ಆಯುವವರು, ಸಣ್ಣ ಗುಜರಿ, ದೊಡ್ಡ ಗುಜರಿ, ಪುಡಿ ಮಾಡುವ ಮಿಲ್ಲು, ಗುಳಿಗೆ ಮಾಡುವ ಮಿಲ್ಲು. ಅನಂತಪುರದ ತೆಲುಗು, ತಮಿಳು, ದಖನಿ, ಈಗ ಬಂಗಾಳಿ. ದೊಡ್ಡ ಊರಾದ್ದರಿಂದಲೇ ಪ್ರತಿ ಜಾತಿಯ ಪ್ಲಾಸ್ಟಿಕ್ಕಿಗೂ ಇಲ್ಲಿ ಒಬ್ಬ ಸಾಹುಕಾರ ಇದ್ದಾನೆ. ವಂಡ್ಸೆಗೆ ಇಲ್ಲದ್ದು ಇದು. ಬೆಂಗಳೂರಿಗೆ ಇಲ್ಲದ್ದು ವಂಡ್ಸೆಯ ಹಿತ್ತಲು ಮತ್ತು ಮುಖಪರಿಚಯ. ಅದನ್ನು ತುಂಬಲು ಕೊನೆಗೆ ಬಿಡದಿಯಲ್ಲಿ ದಿನಕ್ಕೆ 600 ಟನ್ ಸುಟ್ಟು 11.5 ಮೆಗಾವಾಟ್ ವಿದ್ಯುತ್ ಮಾಡುವ ಸ್ಥಾವರ ಕಟ್ಟಿದರು. ನಮ್ಮ ಕಸದಲ್ಲಿ ಅರ್ಧಕ್ಕೂ ಹೆಚ್ಚು ಅಡುಗೆಮನೆಯದು, ಒದ್ದೆ. ಸೌತೆಕಾಯಿ ಸಿಪ್ಪೆ ಉರಿಯುವುದಕ್ಕೆ ಒಪ್ಪುವುದಿಲ್ಲ.

ಮೈಸೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ಹೊಗಳಿಯಾಗಿದೆ. 2015 ಮತ್ತು 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಎನ್ನಿಸಿಕೊಂಡಿತು. ಕುಂಬಾರಕೊಪ್ಪಲಿನ ಘಟಕದಲ್ಲಿ ಸುತ್ತಲಿನ ಬಡಾವಣೆಗಳ ಕಸ ಅಲ್ಲಿಯೇ ವಿಂಗಡಣೆಯಾಗಿ ಗೊಬ್ಬರವಾಗುವುದನ್ನು ನೋಡಲು ಹೊರ ಊರಿನ ಅಧಿಕಾರಿಗಳು ವ್ಯಾನಿನಲ್ಲಿ ಬರುತ್ತಾರೆ. ಕುಂಬಾರಕೊಪ್ಪಲು ತೋರಿಸುವ ಮೈಸೂರು, ಚಾಮುಂಡಿ ಬೆಟ್ಟದ ಬುಡದ ವಿದ್ಯಾರಣ್ಯಪುರಂಗೆ ಅವರನ್ನು ಕರೆದೊಯ್ಯುವುದಿಲ್ಲ. ಅಲ್ಲಿ ಲಕ್ಷಗಟ್ಟಲೆ ಟನ್ ಹಳೆ ಕಸ ಕೂತು, ಅಕ್ಕಪಕ್ಕದವರು ಕಿಟಕಿ ತೆಗೆಯಲಾರದೆ ವರ್ಷಗಳನ್ನು ಕಳೆದರು. ಎರಡೂ ಒಂದೇ ಪಾಲಿಕೆಯದ್ದು.

ನನಗೆ ಸಿಟ್ಟು ಬರುವುದು ಟೆಂಡರಿನ ಪುಸ್ತಕ ಕಂಡಾಗ. ಮೂರೂವರೆ ಸಾವಿರ ಮಿಲಿಮೀಟರು ಮಳೆಯ ಊರಿಗೂ, ಏಳುನೂರರ ಊರಿಗೂ, ಮುರಕಲ್ಲಿಗೂ ಎರಿ ಮಣ್ಣಿಗೂ ಒಂದೇ ಬಗೆಯ ಕಾಂಪ್ಯಾಕ್ಟರ್ ಲಾರಿ, ಒಂದೇ ಬಗೆಯ ಷೆಡ್ಡು, ಟನ್ನಿಗೆ ಇಷ್ಟೆಂದು ಹಣ. ಟನ್ನಿಗೆ ಹಣ ಕೊಡುವಲ್ಲಿ ಕಸ ಒದ್ದೆಯಾಗಿದ್ದಷ್ಟೂ, ಬೆರಕೆಯಾಗಿದ್ದಷ್ಟೂ ಗುತ್ತಿಗೆದಾರನಿಗೆ ಲಾಭ. ಹುಬ್ಬಳ್ಳಿಯ ಹರಾಜಿನಲ್ಲಿ ಕೂಗುತ್ತಿದ್ದ ರೈತನಿಗೆ ಬೇಕಾಗಿದ್ದದ್ದು ಇದರ ತದ್ವಿರುದ್ಧ. ಅವನು ಗುಂಡಿಗೆ ಕೈ ಹಾಕಿ, ಮಣ್ಣು ಮೂಸಿ, ಗಾಜು ಸಿಕ್ಕರೆ ಬೆಲೆ ಇಳಿಸುತ್ತಿದ್ದ. ನಮ್ಮ ಊರುಗಳ ಕಸಕ್ಕೆ ಇದ್ದ ಅತ್ಯಂತ ಕಟ್ಟುನಿಟ್ಟಿನ ಇನ್ಸ್‌ಪೆಕ್ಟರ್ ಅವನೇ. ಸಂಬಳವಿಲ್ಲದೆ ದುಡಿದ, ನಾವೇ ಗಾಜು ಚುಚ್ಚಿ ಓಡಿಸಿದೆವು. ಹಸಿಕಸವನ್ನು ಹಸಿಯಾಗಿಯೇ ಬೇರೆ ಕೊಟ್ಟರೆ ಅವನು ಮತ್ತೆ ಬಂದಾನು, ಗೊಬ್ಬರದ ಚೀಲದ ಬೆಲೆ ಈಗ ಅವನನ್ನೂ ಕಾಡುತ್ತಿದೆ. ಮಂಗಳೂರಿನಲ್ಲಿ ರೈತ ಚಕ್ಕಡಿ ಕಟ್ಟಿಕೊಂಡು ಬರುವುದಿಲ್ಲ. ಅಲ್ಲಿ ಫ್ಲ್ಯಾಟಿನ ಬುಡದಲ್ಲೇ, ಮಾಡಿನ ಕೆಳಗೆ, ಮಳೆ ತಾಗದಂತೆ ಕೊಳೆಸಬೇಕು. ಆ ಗೊಬ್ಬರ ಬೇಡ ಎನ್ನುವ ತೆಂಗು ಆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಓದುವವರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಕಸದ ಗಾಡಿ ಕೊನೆಗೆ ಎಲ್ಲಿ ಖಾಲಿಯಾಗುತ್ತದೆಂದು ಡ್ರೈವರನನ್ನು ಕೇಳಿ, ಬಿಡುವಿನ ದಿನ ಅಲ್ಲಿಗೆ ಹೋಗಿ ಬನ್ನಿ. ಆದರೆ ಮಳೆಗಾಲದಲ್ಲೇ ಹೋಗಿ. ಗೇಟಿನಲ್ಲಿ ನಿಮ್ಮನ್ನು ತಡೆಯಬಹುದು. ಪರವಾಗಿಲ್ಲ, ಗೋಡೆಯ ಸುತ್ತ ನಡೆದು ನೀರು ಯಾವ ಕಡೆ ಇಳಿಯುತ್ತಿದೆಯೆಂದು ನೋಡಿ, ಆ ಕಡೆಯ ಮೊದಲ ಮನೆಯ ಬಾಗಿಲು ತಟ್ಟಿ, ಅವರು ಕುಡಿಯುವ ನೀರು ಎಲ್ಲಿಂದ ತರುತ್ತಾರೆಂದು ವಿಚಾರಿಸಿ.